ಯಂತ್ರಕಲಿಕೆಯಲ್ಲಿ ಪಿಎಚ್.ಡಿ.: ವರ್ತಕ ಕುಟುಂಬದ ಲೆಕ್ಕಾಚಾರ

ವ್ಯವಹಾರವನ್ನು ವಹಿಸಿಕೊಳ್ಳಬೇಕಾದ ಮಗನೋ ಮಗಳೋ ಎಂಜಿನಿಯರಿಂಗ್ ಮುಗಿಸಿ, ಇನ್ನೈದು ವರ್ಷ ಗಣಕ ವಿಜ್ಞಾನದಲ್ಲಿ ಸಂಶೋಧನೆ ನಡೆಸುವುದಾಗಿ ಹೇಳಿದಾಗ, ವರ್ತಕರ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಖರ್ಚಿನದು. ಆದರೆ ಇಲ್ಲಿ ಖರ್ಚಿಗಿಂತ ಕೈಬಿಟ್ಟ ಆದಾಯವನ್ನೇ ಮುಖ್ಯವಾಗಿ ಲೆಕ್ಕಹಾಕಬೇಕಾಗುತ್ತದೆ.

ಗೇಟ್ ಅಥವಾ ನೆಟ್ ಮೂಲಕ ಆಯ್ಕೆಯಾದ ಪೂರ್ಣಾವಧಿ ಸಂಶೋಧಕರಿಗೆ ನೀಡುವ ಕೇಂದ್ರ ಸರ್ಕಾರದ ಫೆಲೋಶಿಪ್ 2023ರ ಜನವರಿಯಿಂದ ಪರಿಷ್ಕೃತವಾಯಿತು. ಮೊದಲ ಎರಡು ವರ್ಷ ಮಾಸಿಕ 37,000 ರೂ., ನಂತರ 42,000 ರೂ. ಐದು ವರ್ಷಕ್ಕೆ 24 ಲಕ್ಷ. ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. 2018ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್‌ನಲ್ಲಿ 70,000ದಿಂದ 80,000 ರೂ.ವರೆಗೆ ನಿಗದಿಯಾಗಿ, ಐದು ವರ್ಷದ ಮೊತ್ತ 45 ಲಕ್ಷವಾಗಿತ್ತು; ಇದರ ಜೊತೆಗೆ ವರ್ಷಕ್ಕೆ ಎರಡು ಲಕ್ಷದ ಸಂಶೋಧನಾ ಅನುದಾನ. ಐಐಟಿ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಗಳಲ್ಲಿ ಐದು ವರ್ಷಗಳಲ್ಲಿ ಇಂತಹ ಹತ್ತು ಸಾವಿರ ಫೆಲೋಶಿಪ್ ನೀಡುವುದಾಗಿ 2025ರ ಕೇಂದ್ರ ಆಯವ್ಯಯ ಘೋಷಿಸಿತು. ತಂತ್ರಾಂಶ ಕಂಪೆನಿಗಳ ಸಂಬಳಕ್ಕೆ ಹೋಲಿಸಿದರೆ ಈ ಮೊತ್ತ ಕಡಿಮೆಯೇ. ಆದರೂ ತಂದೆಯ ಜೇಬಿಗೆ ಕೈಹಾಕುವ ಪ್ರಸಂಗ ಬಾರದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, 1999ರಲ್ಲಿ ಸ್ಥಾಪಿತವಾದ ಐಐಐಟಿ, ಸುರತ್ಕಲ್ಲಿನ ಎನ್‌ಐಟಿ, 2016ರಲ್ಲಿ ತೆರೆದ ಧಾರವಾಡದ ಐಐಟಿ — ಅವಕಾಶಗಳು ರಾಜ್ಯದಲ್ಲೇ ಇವೆ. ಸಂಸ್ಥೆಯ ಹೆಸರಿಗಿಂತಲೂ ಮಾರ್ಗದರ್ಶಕರ ಆಯ್ಕೆ ಮುಖ್ಯ. ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷದಲ್ಲಿ ಪದವಿ ಪಡೆದರೆಂದು ವಿಚಾರಿಸದೆ ಸೇರುವುದು, ಸರಕು ನೋಡದೆ ಮುಂಗಡ ಕೊಟ್ಟಂತೆ.

ಸಣ್ಣ ಉದ್ಯಮಿಗಳು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಯಂತ್ರಕಲಿಕೆ ಎಂದರೆ ಸಾವಿರಾರು ಉದಾಹರಣೆಗಳನ್ನು ಕಂಡ ಗಣಕಯಂತ್ರವು ಅವುಗಳಿಂದ ನಿಯಮವನ್ನು ತಾನೇ ಗ್ರಹಿಸುವುದು. ಉದಾಹರಣೆಗಳಿಲ್ಲದೆ ಸಂಶೋಧನೆ ಸಾಗದು. ಅವು ಇರುವುದು ಕಾರ್ಖಾನೆ, ಮಂಡಿಗಳಲ್ಲಿ. ಬೆಳಗಾವಿಯ ಫೌಂಡ್ರಿಯಲ್ಲಿ ತಿರಸ್ಕೃತವಾದ ಎರಕಗಳ ಚಿತ್ರಗಳು, ಶಿವಮೊಗ್ಗದ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅನುಭವಿ ಕಣ್ಣು ವಿಂಗಡಿಸಿದ ಅಡಿಕೆಯ ಚಿತ್ರಗಳು ಪ್ರೌಢಪ್ರಬಂಧಕ್ಕೆ ವಸ್ತುವಾಗಬಲ್ಲವು. ಇದನ್ನು ಘಟಕದ ಎಂಜಿನಿಯರೇ ಕೈಗೊಳ್ಳಬಹುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳು ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲೂ ಇದ್ದು, ಅರೆಕಾಲಿಕ ನೋಂದಣಿಗೆ ಅವಕಾಶವಿದೆ. ವಿಜ್ಞಾನ ಸಂಸ್ಥೆಯಲ್ಲೂ ಉದ್ಯೋಗಸ್ಥರಿಗಾಗಿ ಬಾಹ್ಯ ನೋಂದಣಿ ಯೋಜನೆ ಉಂಟು. ಅದರ ಷರತ್ತುಗಳನ್ನು ಪೂರೈಸುವುದು ಸಣ್ಣ ಘಟಕಗಳಿಗೆ ಸುಲಭವಲ್ಲ.

ತೆರಿಗೆ ಉಳಿತಾಯದ ದೃಷ್ಟಿಯಿಂದ ಮಾತ್ರ ಯಾರೂ ಈ ಕೆಲಸಕ್ಕೆ ಇಳಿಯಬಾರದು. ವಿಶ್ವವಿದ್ಯಾಲಯ, ಐಐಟಿಗಳಿಗೆ ನಿರ್ದಿಷ್ಟ ಸಂಶೋಧನೆಗಾಗಿ ನೀಡಿದ ಹಣಕ್ಕೆ 1961ರ ಆದಾಯ ತೆರಿಗೆ ಕಾಯಿದೆಯ 35(2ಎಎ) ಪ್ರಕರಣದಡಿ ಮೊದಲು ಎರಡು ಪಟ್ಟು, ನಂತರ ಒಂದೂವರೆ ಪಟ್ಟು ಕಡಿತ ದೊರೆಯುತ್ತಿತ್ತು. 2020ರ ಏಪ್ರಿಲ್ 1ರಿಂದ ಅದು ನೂರಕ್ಕೆ ನೂರಕ್ಕೆ ಇಳಿಯಿತು. 115ಬಿಎಎ ಪ್ರಕರಣದ ಕಡಿಮೆ ದರವನ್ನು ಆರಿಸಿಕೊಂಡ ಕಂಪೆನಿಗಳಿಗೆ ಅದೂ ಇರಲಿಲ್ಲ.

ಚಿತ್ರಗಳನ್ನೂ ದಾಖಲೆಗಳನ್ನೂ ಸಂಶೋಧಕರ ಕೈಗೆ ಕೊಡುವ ಮುನ್ನವೇ ಲಿಖಿತ ಒಪ್ಪಂದ ಆಗಬೇಕು. ಮಾಹಿತಿಯ ಒಡೆತನ ಯಾರದು, ಗಿರಾಕಿಗಳ ಹೆಸರನ್ನು ಮರೆಮಾಚುವ ಹೊಣೆ ಯಾರದು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಸಂಶೋಧಕರು ಲೇಖನ ಪ್ರಕಟಿಸಲೇಬೇಕಾಗುತ್ತದೆ. ಪ್ರಕಟಣೆಗೆ ಮುನ್ನ ಪೇಟೆಂಟ್ ಅರ್ಜಿ ಸಲ್ಲಿಸದಿದ್ದರೆ ಸಾಮಾನ್ಯವಾಗಿ ಆ ಹಕ್ಕು ಕೈತಪ್ಪುತ್ತದೆ. ಬರೀ ಗಣಕ ಪ್ರೋಗ್ರಾಮಿಗೆ 1970ರ ಕಾಯಿದೆಯ 3(ಕೆ) ಪ್ರಕರಣದ ಪ್ರಕಾರ ಪೇಟೆಂಟ್ ದೊರೆಯದು. ಅದನ್ನು ಅಳವಡಿಸಿಕೊಂಡ ತಪಾಸಣಾ ಯಂತ್ರವಾದರೆ ವಕೀಲರ ಸಲಹೆ ಪಡೆಯುವುದು ಲೇಸು.