ತೋಳ ಉಳಿಯಬೇಕಾದರೆ



ಪ್ರತಿವರ್ಷ ನಮ್ಮ ಕಾಫಿ, ಅಡಿಕೆ ತೋಟಗಳಿಗೆ ಬಯಲುಸೀಮೆಯಿಂದ ಕುರಿಗೊಬ್ಬರ ಬರುತ್ತದೆ. ಆ ಕುರಿಗಾರರಿಗೂ ತೋಳಕ್ಕೂ ತಲೆತಲಾಂತರದ ಹಗೆ. ಆದಕಾರಣ ತೋಳದ ವಿಚಾರ ನಮಗೆ ತೀರ ಹೊರಗಿನದಲ್ಲ.

ಮೊದಲು ಒಂದು ಸ್ಪಷ್ಟನೆ. ತೋಟದಂಚಿನಲ್ಲಿ ಹಿಂಡಾಗಿ ಕಾಣುವ ಕೆಂಚು ಮೈಯ, ಕಪ್ಪು ಬಾಲದ ಪ್ರಾಣಿ ಸೀಳುನಾಯಿ. ಅದು ಕಾಡಿನ ವಾಸಿ. ತೋಳದ್ದು ಬೂದುಗಂದು ಬಣ್ಣ. ಹುಲ್ಲುಗಾವಲು, ಕುರುಚಲು, ಕಲ್ಲುಗುಡ್ಡಗಳೇ ಅದರ ನೆಲೆ.

ತೋಳ ಕ್ಷೀಣಿಸಿದ್ದು ಹೇಗೆ? ಬ್ರಿಟಿಷರ ಆಡಳಿತದಲ್ಲಿ ಅದನ್ನು ಕೊಂದವರಿಗೆ ಇನಾಮು ಸಿಗುತ್ತಿತ್ತು. ಮರಿಗಳಿರುವ ಗವಿಗೆ ಹೊಗೆ ಹಾಕುವುದು, ಸತ್ತ ಕುರಿಗೆ ವಿಷ ಸವರುವುದು ಆಮೇಲೂ ನಡೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತೋಳಕ್ಕೆ ರಕ್ಷಣೆ ಕೊಟ್ಟಿತು. ಅದು ಬದುಕುವ ನೆಲಕ್ಕೆ ಆ ರಕ್ಷಣೆ ದೊರೆಯಲಿಲ್ಲ. ಹುಲ್ಲುಗಾವಲಿಗೆ ಬಂಜರೆಂದು ಹೆಸರಿಟ್ಟು ನೀಲಗಿರಿ ನೆಟ್ಟೆವು, ಉತ್ತೆವು, ನಿವೇಶನ ಮಾಡಿದೆವು. ನಮ್ಮ ಅಬ್ಬಿಗೆರೆಯಿಂದ ಹೆಸರಘಟ್ಟದ ಕಡೆ ಹೋದವರಿಗೆ, ಉಳಿದ ಹುಲ್ಲುಬಯಲೂ ಕಾಣುತ್ತದೆ, ಅದರತ್ತ ಬೆಳೆಯುತ್ತಿರುವ ಬಡಾವಣೆಗಳೂ ಕಾಣುತ್ತವೆ. ಕೃಷ್ಣಮೃಗ ಕಡಿಮೆಯಾದ ಕಡೆ ತೋಳಕ್ಕೆ ಕುರಿಯೇ ಗತಿಯಾಯಿತು. ಊರನಾಯಿಗಳಿಂದ ರೋಗ ತಗಲುವುದು, ಬೆರಕೆ ಸಂತಾನವಾಗುವುದು ಈಗಿನ ಹೊಸ ಕಂಟಕಗಳು.

ದೇಶದಲ್ಲಿ ಇಂದು ಸುಮಾರು 3,000 ತೋಳಗಳಿವೆಯೆಂದು ಅಂದಾಜು. ಹುಲಿಗಳ ಸಂಖ್ಯೆಯೇ ಇದಕ್ಕಿಂತ ಹೆಚ್ಚು. ನಮ್ಮ ರಾಜ್ಯದಲ್ಲಿ ತೋಳವನ್ನೇ ಮುಖ್ಯವಾಗಿಟ್ಟುಕೊಂಡು 1974ರಲ್ಲಿ ಮೇಲುಕೋಟೆ ಅಭಯಾರಣ್ಯವಾಯಿತು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಎಕರೆಯ ತೋಳಧಾಮವಿದೆ. 2025ರಲ್ಲಿ ಅಲ್ಲಿ ಎಂಟು ಮರಿಗಳು ಹುಟ್ಟಿದ ಸುದ್ದಿ ಬಂದಿತು.

ತೋಳ ಅಳಿದ ಕಡೆ ಹೊರಗಿನಿಂದ ತಂದು ಬಿಡಬಹುದೇ? ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ 1926ರ ಹೊತ್ತಿಗೆ ತೋಳಗಳನ್ನು ಕೊಂದು ಮುಗಿಸಿದ್ದರು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದುಬಿಟ್ಟರು, ಅವು ನೆಲೆಯೂರಿದವು. ಅಲ್ಲಿ ವಿಶಾಲ ಜಾಗವಿತ್ತು, ಬೇಟೆಗೆ ಜಿಂಕೆಗಳಿದ್ದವು, ಜಾನುವಾರು ಕಳೆದುಕೊಂಡವರಿಗೆ ಪರಿಹಾರ ನಿಧಿಯಿತ್ತು. ಈ ಮೂರೂ ಇಲ್ಲದೆ ತಂದುಬಿಟ್ಟ ತೋಳ ಮತ್ತೆ ವಿಷಕ್ಕೇ ಬಲಿಯಾದೀತು. ನಮ್ಮಲ್ಲಿ ತೋಳ ಇನ್ನೂ ಇದೆ; ಇರುವುದನ್ನು ಉಳಿಸಿಕೊಳ್ಳುವುದೇ ಮೊದಲ ಕೆಲಸ.

ಕುರಿ ಸತ್ತ ದಿನವೇ ಕುರಿಗಾರನ ಕೈಗೆ ಪರಿಹಾರ ಬಂದರೆ ಅವನು ವಿಷದ ಕಡೆ ನೋಡುವುದಿಲ್ಲ. ತಿಂಗಳುಗಟ್ಟಲೆ ಅಲೆದಾಡಿಸಿದರೆ ನಷ್ಟ ಹೊತ್ತವನಿಗೆ ಕಾಯಿದೆಯ ಮಾತು ರುಚಿಸದು. ಕಾಡುಹಂದಿಯಿಂದ ಬೆಳೆ ಕಳೆದುಕೊಂಡು ಅರ್ಜಿ ಹಿಡಿದು ತಿರುಗಿದ ನಮಗೆ ಇದು ತಿಳಿಯದ್ದೇನಲ್ಲ.

ನಮ್ಮಿಂದಾಗುವುದೂ ಇದೆ. ತೋಟದ ನಾಯಿಗಳಿಗೆ ತಪ್ಪದೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸೋಣ. ಬೇಲಿಗೆ ಉರುಲು ಕಟ್ಟುವುದನ್ನೂ ವಿಷವಿಡುವುದನ್ನೂ ಬಿಡೋಣ. ಗೊಬ್ಬರವನ್ನು ಸಾಧ್ಯವಾದಷ್ಟು ಕುರಿಗಾರರಿಂದಲೇ ನೇರವಾಗಿ ಕೊಂಡು ನ್ಯಾಯವಾದ ಬೆಲೆ ಕೊಡೋಣ. ಕುರಿಗಾರ ಬಯಲಿನಲ್ಲಿ ಉಳಿದರೆ ಹುಲ್ಲುಗಾವಲಿಗೆ ಕೇಳುವವರಿರುತ್ತಾರೆ. ಹುಲ್ಲುಗಾವಲು ಉಳಿದರೆ ತೋಳವೂ ಉಳಿದೀತು.

— ಕಾರ್ಯದರ್ಶಿ