ಏರು ಬರುವ ಮುನ್ನವೇ ಗೇರು

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ರಸ್ತೆಗಳಿಗೆ ರಾತ್ರಿ ಎನ್ನುವುದೇ ಇರುವುದಿಲ್ಲ. ಹೊಲದಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಹೊಲಕ್ಕೆ ಟ್ರ್ಯಾಕ್ಟರ್‌ಗಳ ಸಾಲು. ಒಂದೊಂದರ ಹಿಂದೆ ಒಂದೋ ಎರಡೋ ಟ್ರೇಲರ್. ಕಬ್ಬನ್ನು ಎಷ್ಟು ಎತ್ತರಕ್ಕೆ ಪೇರಿಸಿರುತ್ತಾರೆ ಎಂದರೆ ಹಿಂದಿನಿಂದ ನೋಡುವವರಿಗೆ ಟ್ರ್ಯಾಕ್ಟರ್ ಕಾಣುವುದೇ ಇಲ್ಲ, ಹಾಡಿನ ಸದ್ದಷ್ಟೇ ಕೇಳುತ್ತದೆ. ಮುಂದೆ ಹೋಗಿ ನೋಡಿದರೆ ಸ್ಟೇರಿಂಗ್ ಹಿಡಿದವನು ಅನೇಕ ಸಲ ನಮ್ಮ ನಿಮ್ಮ ವಯಸ್ಸಿನವನೇ. ಐಟಿಐ, ಡಿಪ್ಲೊಮಾ, ಡಿಗ್ರಿ ಮುಗಿಸಿ, ‘ಬೇರೆ ಕೆಲಸ ಸಿಗುವವರೆಗೆ’ ಎಂದುಕೊಂಡು ಸೀಟು ಹತ್ತಿದವನು.

ನನ್ನ ಇಬ್ಬರು ಗೆಳೆಯರು ಹೀಗೆಯೇ ಹತ್ತಿದವರು. ದೀಪಾವಳಿ ರಜೆಗೆ ಊರಿಗೆ ಹೋದಾಗ ಅವರಲ್ಲೊಬ್ಬ ಕೇಳಿದ: ‘ನೀ ಮೆಕ್ಯಾನಿಕಲ್ ಓದಾಕತ್ತಿಯಲ್ಲಾ, ಹೇಳು ನೋಡೂಣು. ಕಾಲುವಿ ಸೇತುವಿ ಏರಿನ್ಯಾಗ ನನ್ನ ಗಾಡಿ ನಡುವ ನಿಂತಬಿಡ್ತೈತಿ. ನಿಮ್ಮ ಕಾಕಾನ ಗಾಡಿ ಆರಾಮ ಏರ್ತೈತಿ. ಎರಡೂ ಒಂದ ಮಾಡೆಲ್, ಒಂದ ಎಚ್‌ಪಿ. ಯಾಕ?’

ಪ್ರಶ್ನೆ ಚಿಕ್ಕದು. ಆದರೆ ಏರಿನ ನಡುವೆ ನಿಂತ ಗಾಡಿ ಹಿಂದಕ್ಕೆ ಜಾರಿದರೆ ಆಗುವ ಅನಾಹುತ ಚಿಕ್ಕದಲ್ಲ. ಪುಸ್ತಕ, ಪೆನ್ನು ಹಿಡಿದು ಇಬ್ಬರೂ ಲೆಕ್ಕ ಹಾಕಿದೆವು. ಎರಡು ಗಾಡಿಗಳ ವ್ಯತ್ಯಾಸ ಇದ್ದದ್ದು ಎಂಜಿನ್‌ನಲ್ಲಲ್ಲ, ಗೇರ್ ಹಾಕುವ ಜಾಗದಲ್ಲಿ.

ಎಂಟನೇ ತರಗತಿಯ ಲೆಕ್ಕ

45 ಎಚ್‌ಪಿಯ ಒಂದು ಟ್ರ್ಯಾಕ್ಟರ್ ತೆಗೆದುಕೊಳ್ಳೋಣ. ಟ್ರ್ಯಾಕ್ಟರ್, ಟ್ರೇಲರ್, ಕಬ್ಬು ಎಲ್ಲ ಸೇರಿ 12 ಟನ್ ತೂಕ ಎಂದಿಟ್ಟುಕೊಳ್ಳೋಣ. 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಶಕ್ತಿಗೆ ಒಂದು ಎಚ್‌ಪಿ ಎನ್ನುತ್ತಾರೆ. ಎಂಜಿನ್‌ನಿಂದ ಗಾಲಿಗೆ ಬರುವಷ್ಟರಲ್ಲಿ ಐದನೇ ಒಂದು ಭಾಗ ಸೋರಿಹೋಗುತ್ತದೆ ಎಂದು ಹಿಡಿದರೆ, ಗಾಲಿಗೆ ಸಿಗುವುದು 36 ಎಚ್‌ಪಿ. ಅಂದರೆ ಸೆಕೆಂಡಿಗೆ 2,700 ಕಿಲೋ-ಮೀಟರ್‌ನಷ್ಟು ಕೆಲಸ. 2,700 ಕಿಲೋವನ್ನು ಒಂದು ಮೀಟರ್ ಎತ್ತಿದಷ್ಟು.

ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಗಾಲಿ ಉರುಳಿಸಲು ತೂಕದ ಸುಮಾರು ಶೇ 2ರಷ್ಟು ಎಳೆತ ಬೇಕು. 12 ಟನ್‌ಗೆ 240 ಕಿಲೋ. 2,700ನ್ನು 240ರಿಂದ ಭಾಗಿಸಿ ನೋಡಿ: ಸೆಕೆಂಡಿಗೆ 11 ಮೀಟರ್, ಅಂದರೆ ಗಂಟೆಗೆ 40 ಕಿ.ಮೀ. ಟ್ರ್ಯಾಕ್ಟರ್‌ನ ಟಾಪ್ ಗೇರ್ ಓಡುವುದೇ 30 ಕಿ.ಮೀ. ಆಸುಪಾಸಿನಲ್ಲಿ. ಹಾಗಾಗಿ ಅಲ್ಲಿ ಟಾಪ್ ಗೇರ್ ಸಲೀಸು.

ಈಗ 20 ಮೀಟರ್‌ಗೆ ಒಂದು ಮೀಟರ್ ಏರುವ ದಿಬ್ಬ ಬಂತು. ನೋಡಲು ಏನೂ ಅಲ್ಲ, ಬೈಕಿನಲ್ಲಿ ಹೋಗುವವರಿಗೆ ಏರಿದ್ದೇ ಗೊತ್ತಾಗುವುದಿಲ್ಲ. ಆದರೆ 12 ಟನ್‌ನ ಇಪ್ಪತ್ತನೇ ಒಂದು ಭಾಗ, ಅಂದರೆ 600 ಕಿಲೋ, ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಮೊದಲಿನ 240 ಸೇರಿಸಿದರೆ 840 ಕಿಲೋ. ಮತ್ತೆ ಭಾಗಿಸಿ: ಗಂಟೆಗೆ ಹೆಚ್ಚೆಂದರೆ 11.5 ಕಿ.ಮೀ. ಡ್ರೈವರ್ ಎಷ್ಟೇ ಆಕ್ಸಿಲರೇಟರ್ ಒತ್ತಲಿ, ಈ ಭಾರ ಹೊತ್ತ 45 ಎಚ್‌ಪಿ ಈ ಏರಿನಲ್ಲಿ ಅದಕ್ಕಿಂತ ಬೇಗ ಹೋಗಲಾರದು.

ಗೇರ್‌ನಿಂದ ಎಂಜಿನ್‌ನ ಶಕ್ತಿ ಹೆಚ್ಚುವುದಿಲ್ಲ. ಅದು ವೇಗವನ್ನು ಕೊಟ್ಟು ಎಳೆತವನ್ನು ಕೊಳ್ಳುವ ವ್ಯಾಪಾರ ಮಾತ್ರ. ಗೇರ್ ಇರುವ ಸೈಕಲ್ ತುಳಿದವರಿಗೆ ಇದು ಗೊತ್ತು. ಲೋದಲ್ಲಿ ನಾಲ್ಕು, ಹೈನಲ್ಲಿ ನಾಲ್ಕು ಎಂದು ಎಂಟು ಗೇರ್ ಇರುವ ಸಾಮಾನ್ಯ ಟ್ರ್ಯಾಕ್ಟರ್‌ನಲ್ಲಿ 10–11 ಕಿ.ಮೀ. ವೇಗ ಸಿಗುವುದು ಲೋದ ಕೊನೆಯ ಗೇರ್ ಅಥವಾ ಹೈನ ಮೊದಲ ಗೇರ್‌ನ ಹತ್ತಿರ. ಯಾವ ಗೇರ್‌ನಲ್ಲಿ ಎಷ್ಟು ವೇಗ ಎಂಬ ಪಟ್ಟಿ ಟ್ರ್ಯಾಕ್ಟರ್ ಜೊತೆ ಕೊಡುವ ಕೈಪಿಡಿಯಲ್ಲೇ ಇರುತ್ತದೆ. ಆ ಕೈಪಿಡಿಯನ್ನು ಬಿಡಿಸಿ ನೋಡುವವರು ಕಡಿಮೆ.

ಎಂಜಿನ್ ದನಿ ಹೇಳುವುದೇನು?

ಹಾಗಾದರೆ ದೊಡ್ಡ ಗೇರ್‌ನಲ್ಲೇ ಏರಲು ಹೋದರೆ ಏನಾಗುತ್ತದೆ? ಟ್ರ್ಯಾಕ್ಟರ್‌ನ ಡೀಸೆಲ್ ಎಂಜಿನ್ ಸಾಮಾನ್ಯವಾಗಿ 2,000 ಆರ್‌ಪಿಎಂ ಆಸುಪಾಸಿನಲ್ಲಿ ಗರಿಷ್ಠ ಎಚ್‌ಪಿ ಕೊಡುತ್ತದೆ. ಗರಿಷ್ಠ ಟಾರ್ಕ್, ಅಂದರೆ ಗಾಲಿ ತಿರುಗಿಸುವ ತಾಕತ್ತು, ಸಿಗುವುದು ಅದಕ್ಕಿಂತ ಸಾಕಷ್ಟು ಕೆಳಗೆ. ಭಾರ ಬಿದ್ದು ಆರ್‌ಪಿಎಂ ಇಳಿಯತೊಡಗಿದಾಗ ಮೊದಮೊದಲು ಟಾರ್ಕ್ ಹೆಚ್ಚುತ್ತದೆ. ಎಂಜಿನ್ ಹಲ್ಲುಕಚ್ಚಿ ಹಿಡಿದುಕೊಂಡಂತೆ ದನಿ ದಪ್ಪವಾಗುತ್ತದೆ. ಆ ಗರಿಷ್ಠ ಮಟ್ಟವನ್ನೂ ದಾಟಿ ಆರ್‌ಪಿಎಂ ಕುಸಿದರೆ ಟಾರ್ಕೂ ಕುಸಿಯುತ್ತದೆ. ಆಮೇಲೆ ಎರಡು ಮೂರು ಸೆಕೆಂಡುಗಳಲ್ಲಿ ಎಂಜಿನ್ ಬಂದ್.

ನಮ್ಮ ಕಾಕಾ ಟಾರ್ಕ್ ಕರ್ವ್ ಎಂಬ ಮಾತನ್ನೇ ಕೇಳಿದವರಲ್ಲ. ಆದರೆ ಹಾಡಿನ ದನಿ ತಗ್ಗಿಸಿ, ಎಂಜಿನ್‌ನ ದನಿ ಕೇಳುತ್ತಾ ಓಡಿಸುತ್ತಾರೆ. ದನಿ ದಪ್ಪವಾಗಿ, ಸೈಲೆನ್ಸರ್‌ನಲ್ಲಿ ಕಪ್ಪು ಹೊಗೆ ಬಂತೆಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಎಂದರ್ಥ. ಅದೇ ಹೊತ್ತಿಗೆ ಎಂಜಿನ್ ನಿಧಾನವಾಗಿ ತಿರುಗುವುದರಿಂದ ಫ್ಯಾನ್ ಮತ್ತು ನೀರಿನ ಪಂಪೂ ನಿಧಾನ; ಹೆಚ್ಚು ತಂಪು ಬೇಕಾದಾಗಲೇ ಕಡಿಮೆ ತಂಪು. ಇದರಿಂದ ಪಾರಾಗಲು ಹಲವರು ಅರ್ಧ ಕ್ಲಚ್ ಹಿಡಿಯುತ್ತಾರೆ. ಸುಟ್ಟ ವಾಸನೆ ಬರುವುದು ಆಗ. ಹಂಗಾಮಿನ ನಡುವೆ ಕ್ಲಚ್ ಪ್ಲೇಟ್ ಹೋದರೆ ರಿಪೇರಿಯ ಖರ್ಚಿನ ಜೊತೆ ದುಡಿಯುವ ದಿನಗಳೂ ಹೋದವು.

ನಾಲ್ಕೂವರೆ ಸೆಕೆಂಡು

‘ಏರಿನಲ್ಲಿ ದಮ್ಮು ಸಾಲದಿದ್ದರೆ ಅಲ್ಲೇ ಸಣ್ಣ ಗೇರ್ ಹಾಕಿದರಾಯಿತು’ ಎಂದ ಗೆಳೆಯ. ಕಾರಿನಲ್ಲಾದರೆ ಸರಿ. ಕಾರಿನ ಗೇರ್‌ಬಾಕ್ಸ್‌ನಲ್ಲಿ ತಿರುಗುವ ಹಲ್ಲುಗಳ ವೇಗವನ್ನು ಸರಿಹೊಂದಿಸುವ ಸಿಂಕ್ರೊಮೆಶ್ ಎಂಬ ವ್ಯವಸ್ಥೆ ಇರುತ್ತದೆ. ನಮ್ಮ ಹೊಲಗಳಲ್ಲಿರುವ ಬಹುಪಾಲು ಟ್ರ್ಯಾಕ್ಟರ್‌ಗಳಲ್ಲಿ ಅದು ಇಲ್ಲ. ಭಾರ ಹೊತ್ತು ಏರುವಾಗ ಕ್ಲಚ್ ಒತ್ತಿ ಲಿವರ್ ಎಳೆದರೆ ಹಳೆಯ ಗೇರ್ ಬಿಡುತ್ತದೆ, ಹೊಸ ಗೇರ್ ಕಟಕಟ ಎನ್ನುತ್ತದೆಯೇ ಹೊರತು ಬೀಳುವುದಿಲ್ಲ. ಲೋ–ಹೈ ಲಿವರನ್ನಂತೂ ಗಾಡಿ ನಿಲ್ಲಿಸಿಯೇ ಬದಲಿಸಬೇಕು.

ಕ್ಲಚ್ ಒತ್ತಿದ ಕ್ಷಣದಿಂದ 12 ಟನ್ ಗಾಡಿಯನ್ನು 840 ಕಿಲೋ ಹಿಂದಕ್ಕೆ ಜಗ್ಗುತ್ತಿರುತ್ತದೆ. ಗಂಟೆಗೆ 11 ಕಿ.ಮೀ. ವೇಗದಲ್ಲಿದ್ದ ಗಾಡಿ ಪೂರ್ತಿ ನಿಲ್ಲಲು ಹಿಡಿಯುವ ಸಮಯ ಲೆಕ್ಕ ಹಾಕಿದೆವು: ನಾಲ್ಕೂವರೆ ಸೆಕೆಂಡು. ಅಷ್ಟರೊಳಗೆ ಗೇರ್ ಬೀಳದಿದ್ದರೆ ಗಾಡಿ ಹಿಂದಕ್ಕೆ ಹೊರಡುತ್ತದೆ. ಹೊಲದ ಕೆಲಸದ ಎಷ್ಟೋ ಟ್ರೇಲರ್‌ಗಳಿಗೆ ಬ್ರೇಕೇ ಇರುವುದಿಲ್ಲ. ಹಿಂದಕ್ಕೆ ಉರುಳುವ ಎರಡು ಟ್ರೇಲರ್‌ಗಳನ್ನು ನೇರವಾಗಿ ಇಳಿಸುವುದು ಎಂಥ ಪಳಗಿದ ಡ್ರೈವರ್‌ಗೂ ಆಗದ ಮಾತು. ಒಂದು ಅಡ್ಡ ತಿರುಗುತ್ತದೆ, ಇನ್ನೊಂದು ಅದಕ್ಕೆ ಒತ್ತಿಕೊಂಡು ಮಗುಚುತ್ತದೆ. ಪಕ್ಕದಲ್ಲಿ ಕಾಲುವೆ ಇದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಕಾಕಾನ ಗಾಡಿ ಏರುವ ಗುಟ್ಟು ಇಲ್ಲಿದೆ. ಅವರು ಏರಿಗೆ ಇನ್ನೂ ಐವತ್ತು ಮೀಟರ್ ಇರುವಾಗಲೇ ಗಾಡಿ ನಿಲ್ಲಿಸುವಷ್ಟು ನಿಧಾನ ಮಾಡಿ, ಬೇಕಿದ್ದರೆ ನಿಲ್ಲಿಸಿಯೇ, ಏರಿಗೆ ತಕ್ಕ ಗೇರ್ ಹಾಕಿಕೊಳ್ಳುತ್ತಾರೆ. ಆಕ್ಸಿಲರೇಟರ್ ಏರಿಸಿಕೊಂಡು ಹೊರಟರೆ ಮೇಲೆ ತಲುಪುವವರೆಗೆ ಕೈ ಲಿವರ್ ಮುಟ್ಟುವುದಿಲ್ಲ, ಕಾಲು ಕ್ಲಚ್ ಮುಟ್ಟುವುದಿಲ್ಲ. ಕೇಳಿದರೆ ಹೇಳುವುದು ಇಷ್ಟೇ: ‘ತಮ್ಮಾ, ಏರಿನ್ಯಾಗ ಗೇರ್ ಹುಡುಕಬಾರದು. ಏರು ಬರೂದ್ರಾಗ ಅದು ಬಿದ್ದಿರಬೇಕು.’ ಗೆಳೆಯ ಟಾಪ್ ಗೇರ್‌ನ ಓಟವನ್ನೇ ನಂಬಿ ನುಗ್ಗುತ್ತಿದ್ದ. ಓಟ ಅರ್ಧ ಏರಿಗೆ ಮುಗಿಯುತ್ತಿತ್ತು.

ಇಳಿಯುವಾಗ ನ್ಯೂಟ್ರಲ್ ಬೇಡ

ಏರಿದ್ದು ಇಳಿಯಲೇಬೇಕಲ್ಲ. ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಅಪಾಯ. ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ರೂಢಿ ಹಲವರಿಗಿದೆ. ಇದು ಎರಡು ರೀತಿಯಲ್ಲಿ ತಪ್ಪು ಲೆಕ್ಕ.

ಮೊದಲನೆಯದು ಡೀಸೆಲ್. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದೇ ಇರಲು ಸ್ವಲ್ಪ ಡೀಸೆಲ್ ಕುಡಿಯಲೇಬೇಕು. ಗೇರ್‌ನಲ್ಲಿಯೇ ಇದ್ದು ಆಕ್ಸಿಲರೇಟರ್ ಇಳಿಸಿದರೆ ಗಾಲಿಗಳೇ ಎಂಜಿನ್ ತಿರುಗಿಸುತ್ತವೆ. ಆಕ್ಸಿಲರೇಟರ್‌ಗೆ ಗೊತ್ತುಮಾಡಿದ ವೇಗಕ್ಕಿಂತ ಎಂಜಿನ್ ಹೆಚ್ಚು ತಿರುಗಿದಾಗ ಗವರ್ನರ್ ಡೀಸೆಲ್ ಪೂರೈಕೆಯನ್ನು ಕಡಿದುಹಾಕುತ್ತದೆ. ಅಂದರೆ ಉಳಿತಾಯ ಆಗುವುದು ಗೇರ್‌ನಲ್ಲಿ ಇಳಿದಾಗಲೇ.

ಎರಡನೆಯದು ಜೀವ. ಅದೇ ದಿಬ್ಬದಲ್ಲಿ ಇಳಿಯುವಾಗ 600 ಕಿಲೋ ಮುಂದಕ್ಕೆ ನೂಕುತ್ತದೆ. ಗಾಲಿಯ ತಡೆ 240 ಕಳೆದರೆ 360 ಕಿಲೋ ಉಳಿಯುತ್ತದೆ. ಅದನ್ನು ಯಾರಾದರೂ ತಡೆಯಲೇಬೇಕು. ಗಂಟೆಗೆ 30 ಕಿ.ಮೀ. ವೇಗದಲ್ಲಿ ತಡೆಯಲು 40 ಎಚ್‌ಪಿಯಷ್ಟು ಶಕ್ತಿಯನ್ನು ಶಾಖವಾಗಿ ಹೊರಹಾಕಬೇಕು. 11.5 ಕಿ.ಮೀ. ವೇಗದಲ್ಲಾದರೆ ಸುಮಾರು 15 ಎಚ್‌ಪಿ ಸಾಕು. ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್‌ನ ತಡೆಯೇ ನೋಡಿಕೊಳ್ಳುತ್ತದೆ, ಬ್ರೇಕ್‌ಗೆ ಉಳಿಯುವುದು ಸ್ವಲ್ಪ. ನ್ಯೂಟ್ರಲ್‌ನಲ್ಲಿ ಎಂಜಿನ್‌ನ ತಡೆ ಸೊನ್ನೆ. 20 ಕಿ.ಮೀ. ವೇಗದಲ್ಲಿ ಇಳಿಯಲು ಶುರುಮಾಡಿದ ಗಾಡಿ ಬ್ರೇಕ್ ಒತ್ತದಿದ್ದರೆ 200 ಮೀಟರ್ ಮುಗಿಯುವಷ್ಟರಲ್ಲಿ ಸುಮಾರು 44 ಕಿ.ಮೀ. ಮುಟ್ಟಿರುತ್ತದೆ. ಆ ವೇಗಕ್ಕೆ ಟ್ರ್ಯಾಕ್ಟರ್‌ನ ಯಾವ ಗೇರೂ ಇಲ್ಲ. ಮತ್ತೆ ಗೇರ್ ಹಾಕುತ್ತೇನೆಂದರೂ ಬೀಳದು. ಹೆದರಿ ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್ ತಡೆಯುತ್ತದೆ, ಬ್ರೇಕಿಲ್ಲದ ಟ್ರೇಲರ್ ಹಿಂದಿನಿಂದ ನೂಕುತ್ತದೆ, ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ. ಇಳಿಜಾರಿನಲ್ಲಿ ಕ್ಲಚ್ ಒತ್ತಿ ಹಿಡಿಯುವುದೂ ನ್ಯೂಟ್ರಲ್‌ಗೆ ಸಮವೇ.

ಹಾಗಾಗಿ ಹಳೆಯ ಡ್ರೈವರ್‌ಗಳ ಮಾತು ವಿಜ್ಞಾನಕ್ಕೂ ಸರಿ: ಯಾವ ಗೇರ್‌ನಲ್ಲಿ ಏರಬಹುದೋ ಅದೇ ಗೇರ್‌ನಲ್ಲಿ, ಇಲ್ಲವೇ ಅದಕ್ಕಿಂತ ಒಂದು ಕಡಿಮೆ ಗೇರ್‌ನಲ್ಲಿ ಇಳಿಯಬೇಕು. ಅದನ್ನೂ ದಿಬ್ಬದ ನೆತ್ತಿಯಲ್ಲೇ ಹಾಕಿಕೊಳ್ಳಬೇಕು. ಇನ್ನೊಂದು ಮಾತು. ಟ್ರ್ಯಾಕ್ಟರ್‌ನಲ್ಲಿ ಎಡ ಗಾಲಿಗೊಂದು, ಬಲ ಗಾಲಿಗೊಂದು ಬ್ರೇಕ್ ಪೆಡಲ್ ಇರುತ್ತದೆ. ಹೊಲದಲ್ಲಿ ತಿರುಗಿಸಲು ಅನುಕೂಲವಾಗಲಿ ಎಂದು ಈ ಏರ್ಪಾಡು. ರಸ್ತೆಗೆ ಬಂದ ಮೇಲೆ ಎರಡನ್ನೂ ಕೂಡಿಸುವ ಲಾಕ್ ಹಾಕದಿದ್ದರೆ ಒಂದೇ ಗಾಲಿ ಹಿಡಿದು ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಗೇರ್‌ಗೂ ಮಿತಿಯಿದೆ

‘ಹಾಗಾದ್ರ ಲೋ ಒಂದನೇದು ಹಾಕಿದ್ರ ಎಷ್ಟ ಟನ್ ಆದ್ರೂ ಏರ್ತೈತಲ್ಲ?’ ಇದು ಗೆಳೆಯನ ಮುಂದಿನ ಪ್ರಶ್ನೆ. ಬಾಡಿಗೆ ಟನ್ ಲೆಕ್ಕದಲ್ಲಿ ಸಿಗುವಾಗ ಈ ಪ್ರಶ್ನೆ ಸಹಜವೇ. ಆದರೆ ಗೇರ್ ತಗ್ಗಿಸಿದರೆ ಗಾಲಿಗೆ ಬರುವ ಎಳೆತ ಹೆಚ್ಚುತ್ತದೆ, ಟೈರ್ ರಸ್ತೆಯನ್ನು ಹಿಡಿಯುವ ಶಕ್ತಿ ಹೆಚ್ಚುವುದಿಲ್ಲ. ಮಿತಿ ಮೀರಿದರೆ ಹಿಂದಿನ ಗಾಲಿ ನಿಂತಲ್ಲೇ ತಿರುಗುತ್ತದೆ ಅಥವಾ ಮುಂದಿನ ಗಾಲಿಗಳು ನೆಲ ಬಿಡುತ್ತವೆ. ಸಣ್ಣ ಗೇರ್‌ನಲ್ಲಿ ಕ್ಲಚ್ಚನ್ನು ಥಟ್ಟನೆ ಬಿಟ್ಟರಂತೂ ಮೂತಿ ಎದ್ದೇಳುತ್ತದೆ. ಮುಂದಿನ ಗಾಲಿ ನೆಲದಲ್ಲಿಲ್ಲದಿದ್ದರೆ ಸ್ಟೇರಿಂಗ್ ತಿರುಗಿಸಿ ಏನು ಪ್ರಯೋಜನ? ಎರೆ ಹೊಲದಿಂದ ರಸ್ತೆಗೆ ಹತ್ತುವ ಜಾಗದಲ್ಲಿ ಇದು ಹೆಚ್ಚು. ಮಣ್ಣಿನಲ್ಲಿ ಉರುಳಲು ಡಾಂಬರಿಗಿಂತ ಹಲವು ಪಟ್ಟು ಎಳೆತ ಬೇಕು, ಹಿಡಿತವೋ ಕಡಿಮೆ. ಅಂಥಲ್ಲಿ ಒಂದೊಂದೇ ಟ್ರೇಲರನ್ನು ರಸ್ತೆಗೆ ತಂದು, ಆಮೇಲೆ ಕೂಡಿಸುವುದೇ ಸರಿ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಹಾಗೆಂದು ಸದಾ ಸಣ್ಣ ಗೇರ್ ಒಳ್ಳೆಯದು ಎಂದಲ್ಲ. ಕಾರ್ಖಾನೆಯಿಂದ ಖಾಲಿ ಟ್ರೇಲರ್ ತರುವಾಗ, ಸಮತಟ್ಟಾದ ರಸ್ತೆಯಲ್ಲಿ ದೊಡ್ಡ ಗೇರ್ ಹಾಕಿ ಆಕ್ಸಿಲರೇಟರ್ ಕಡಿಮೆ ಇಟ್ಟರೆ ಡೀಸೆಲ್ ನಿಜಕ್ಕೂ ಉಳಿಯುತ್ತದೆ. ಭಾರ, ಏರು, ನೆಲ ಮೂರನ್ನೂ ನೋಡಿ ಮೊದಲೇ ತೀರ್ಮಾನಿಸುವುದೇ ಸರಿಯಾದ ಗೇರ್.

ಎಂಜಿನಿಯರಿಂಗ್ ಓದುವ ನಾವು ಗೇರ್ ಅನುಪಾತದ ಲೆಕ್ಕವನ್ನು ಪರೀಕ್ಷೆಗೆ ಬಿಡಿಸಿ ಮರೆಯುತ್ತೇವೆ. ಅದೇ ಲೆಕ್ಕದ ಮೇಲೆ ರಾತ್ರಿಯಿಡೀ ಕೂತು ಓಡಾಡುವ ನಮ್ಮದೇ ಓರಗೆಯವರಿಗೆ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ರಜೆಯಲ್ಲಿ ಊರಿಗೆ ಹೋದವರು ಅವರ ಜೊತೆ ಒಂದು ಗಂಟೆ ಕೂತು ಅವರ ದಾರಿಯ ಏರುಗಳನ್ನೇ ಲೆಕ್ಕ ಹಾಕಿ ನೋಡಿ. ಅವರಿಗೊಂದಿಷ್ಟು ಉಪಯೋಗ, ನಮಗಂತೂ ಒಳ್ಳೆಯ ಪಾಠ.

ಬೈಕು, ಕಾರು ಓಡಿಸುವವರಿಗೂ ಒಂದು ಮಾತು. ಏರಿನಲ್ಲಿ ತೆವಳುತ್ತಿರುವ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಅಂಟಿಕೊಂಡು ನಿಲ್ಲಬೇಡಿ, ಹಾರ್ನ್ ಹೊಡೆದು ಅವಸರ ಮಾಡಬೇಡಿ. ಮೂವತ್ತು ಮೀಟರ್ ಹಿಂದೆಯೇ ಇರಿ. ಅವನು ಬೇಕೆಂದು ನಿಧಾನ ಹೋಗುತ್ತಿಲ್ಲ. ಆ ಏರಿಗೆ ಅದೇ ಸರಿಯಾದ ಗೇರ್.