ಮೊಬೈಲಿನ ಕರೆಗಂಟೆ ಮತ್ತು ನಮ್ಮ ಕಿವಿ

ಮೊಬೈಲು ಫೋನು ಮೇಜಿನ ಮೇಲೆಯೇ ಇದ್ದರೂ ಮನೆಯ ಹಿರಿಯರಿಗೆ ಅದರ ಕರೆ ಕೇಳಿಸದೆ ಹೋಗುವುದುಂಟು. ಆಸ್ಪತ್ರೆಯಿಂದಲೋ ದೂರದ ಮಕ್ಕಳಿಂದಲೋ ಬಂದ ಕರೆ ಹೀಗೆ ತಪ್ಪಿದರೆ ಆಗುವ ಹಾನಿ ಸಣ್ಣದಲ್ಲ. ದೋಷವಿರುವುದು ಯಂತ್ರದಲ್ಲಿಯೋ ನಾದದ ಆಯ್ಕೆಯಲ್ಲಿಯೋ ಎಂಬುದನ್ನು ನಾವು ಕ್ರಮವಾಗಿ ವಿಚಾರಿಸೋಣ.

ಮೊದಲು ಯಂತ್ರ. ಆಂಡ್ರಾಯ್ಡ್ ಫೋನುಗಳಲ್ಲಿ ಹಾಡಿನ ಧ್ವನಿಮಟ್ಟ ಬೇರೆ, ಕರೆಗಂಟೆಯ ಧ್ವನಿಮಟ್ಟ ಬೇರೆ. ಆದುದರಿಂದ ಒಂದು ಹಾಡನ್ನು ನುಡಿಸಿ ನೋಡಬೇಕು. ಅದು ಸ್ಪಷ್ಟವಾಗಿ ಕೇಳಿದರೆ ಸ್ಪೀಕರು ಸರಿಯಾಗಿದೆ. ಕರೆಗಂಟೆಯ ಮಟ್ಟ ತಗ್ಗಿದೆಯೋ, ಫೋನು ಮೌನಸ್ಥಿತಿಯಲ್ಲಿದೆಯೋ ನೋಡಬೇಕು. ಹಾಡೂ ಕೇಳದಿದ್ದರೆ ಬ್ಲೂಟೂತನ್ನು ಆರಿಸಬೇಕು. ಪಕ್ಕದ ಕೋಣೆಯ ಇಯರ್‌ಫೋನಿಗೆ ಧ್ವನಿ ಹರಿಯುತ್ತಿರಬಹುದು. ಧ್ವನಿ ಮಂಕಾಗಿದ್ದರೆ ಸ್ಪೀಕರಿನ ಜಾಲರಿಗೆ ಧೂಳು ಕಟ್ಟಿರುವ ಸಂಭವವುಂಟು. ಅದನ್ನು ಒಣಗಿದ ಮೃದು ಕುಂಚದಿಂದ ತೆಗೆಯಬೇಕು. ಸೂಜಿ ಚುಚ್ಚಿದರೆ ಒಳಗಿನ ತೆಳುಪೊರೆ ಹರಿದೀತು.

ಇನ್ನು ನಾದ. ತಾರುಣ್ಯದಲ್ಲಿ ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಶಬ್ದವನ್ನು ಗ್ರಹಿಸುತ್ತದೆ. ವಯಸ್ಸಾದಂತೆ ಮೊದಲು ಕುಂದುವುದು ಅತಿ ತಾರಸ್ವರಗಳ ಗ್ರಹಣ. ಇತ್ತ, ಫೋನಿನ ಪುಟ್ಟ ಸ್ಪೀಕರು ಮಂದ್ರಸ್ವರಗಳಿಗೆ ಬೇಕಾದಷ್ಟು ಗಾಳಿಯನ್ನು ತಳ್ಳಲಾರದು. ಹಕ್ಕಿಯ ಚಿಲಿಪಿಲಿ ಹಿರಿಯರ ಕಿವಿಗೆ ನಿಲುಕದು. ಮೃದಂಗದ ಎಡಮುಖದ ಗುಂಕಾರ ಸ್ಪೀಕರಿಗೆ ನಿಲುಕದು. ಸುಮಾರು 500ರಿಂದ 2,000 ಕಂಪನಗಳ ನಡುವಣ, ಬಿಟ್ಟುಬಿಟ್ಟು ಬಾರಿಸುವ ನಾದವೇ ಲೇಸು.

ಸೆಟ್ಟಿಂಗ್ಸಿನ ಧ್ವನಿ ವಿಭಾಗದಲ್ಲಿ ಇಂಥ ರಿಂಗ್‌ಟೋನನ್ನು ಆರಿಸಿಕೊಳ್ಳಬಹುದು. ಮುಖ್ಯರಾದವರ ಹೆಸರಿಗೆ ಪ್ರತ್ಯೇಕವಾದುದನ್ನೂ ಗೊತ್ತುಮಾಡಬಹುದು. ಆದರೆ ಪರೀಕ್ಷಕರು ಹಿರಿಯರೇ ಆಗಿರಲಿ. ಅವರನ್ನು ಪಕ್ಕದ ಕೋಣೆಯಲ್ಲಿ ಕುಳ್ಳಿರಿಸಿ, ಕರೆಮಾಡಿ ನೋಡಿದ ಬಳಿಕವೇ ನಾವು ನಿಶ್ಚಿಂತರಾಗಬಹುದು.